ಬಲಗೈಗೆ ಹಾಕಿಸಿಕೊಂಡ ಸೂಜಿ

ಮೊನ್ನೆ ಡಾಕ್ಟರು ಚೀಟಿಯಲ್ಲಿ ಎರಡು ಇಂಜೆಕ್ಷನ್ ಬರೆದುಕೊಟ್ಟರು. ಒಂದು ಫ್ಲೂಗೆ, ಇನ್ನೊಂದು ನ್ಯುಮೋನಿಯಾಕ್ಕೆ. ನನ್ನ ವಯಸ್ಸಿಗೆ, ನನ್ನ ಉಬ್ಬಸಕ್ಕೆ ಎರಡೂ ಬೇಕಂತೆ. "ಏನಾದ್ರೂ ಆಗತ್ತಾ?" ಎಂದು ಕೇಳಿದೆ. ಡಾಕ್ಟರು ನನ್ನ ಮಗಳ ವಯಸ್ಸಿನವರು. ಪೆನ್ನು ಕೆಳಗಿಟ್ಟು, "ಆಗತ್ತೆ" ಎಂದರು. "ತೋಳು ನೋಯತ್ತೆ. ಒಂದೆರಡು ದಿನ ಮೈ ಬೆಚ್ಚಗಾಗಬಹುದು, ಸುಸ್ತಾಗಬಹುದು. ಸೂಜಿಯಿಂದ ಫ್ಲೂ ಬಂತು ಅಂತಾರೆ, ಅದು ಸುಳ್ಳು, ಇದರಲ್ಲಿ ಜೀವ ಇರೋ ವೈರಸ್ ಇಲ್ಲ. ಅಪರೂಪಕ್ಕೆ ಯಾರಿಗಾದ್ರೂ ಅಲರ್ಜಿಯಾಗಿ ಉಸಿರು ಕಟ್ಟಬಹುದು. ಅದಕ್ಕೆ ಸ್ವಲ್ಪ ಹೊತ್ತು ಹೊರಗಡೆ ಕೂತು ಹೋಗಿ."

ಸೂಜಿ ಹಾಕಿಸಿಕೊಂಡು ಹೊರಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಾಗ ನನಗೆ ಗುಬ್ಬಿ ಆಸ್ಪತ್ರೆಯ ಒಂದು ಮರದ ಬೆಂಚು ನೆನಪಾಯಿತು. ಅದರ ಮೇಲೆ ಕೂತಿದ್ದ ನಮ್ಮ ನಾನಿ, ಅಂದರೆ ಅಮ್ಮಿಯ ತಾಯಿ, ನೆನಪಾದರು. ಆ ಕಥೆಯನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ. ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವಾಗ ಲಸಿಕೆಯ ಅಧ್ಯಾಯ ಬಂದಾಗಲೆಲ್ಲ ಹೇಳುತ್ತಿದ್ದೆ. 'ಗುಬ್ಬಿಯ ನರ್ಸೊಬ್ಬರು ನಮ್ಮ ಅಜ್ಜಿಗೆ ಏನೂ ಆಗಲ್ಲ ಅಂದುಬಿಟ್ಟರು. ಆಮೇಲೆ ಜ್ವರ ಬಂತು, ಕೈ ಊದಿತು, ಅಜ್ಜಿ ಹೆದರಿಹೋದರು. ಆದ್ದರಿಂದ ಮೊದಲೇ ನಿಜ ಹೇಳಬೇಕು.' ಮಕ್ಕಳು ತಲೆಯಾಡಿಸುತ್ತಿದ್ದರು.

ಕ್ಲಿನಿಕ್ಕಿನಿಂದ ಬಂದ ಮೇಲೆ, ತೋಳು ನೋಯುತ್ತಿದ್ದರೂ, ಅಟ್ಟದ ಟ್ರಂಕಿನಿಂದ ಎಪ್ಪತ್ತರ ದಶಕದ ಕೊನೆಯ ನನ್ನ ಡೈರಿ ತೆಗೆಸಿದೆ. ಅದರಲ್ಲಿ ಬೇರೆಯೇ ಬರೆದಿತ್ತು.

ಆಗ ನಾನು ತುಮಕೂರಿನಲ್ಲಿ ಬಿಎಸ್ಸಿ ಎರಡನೇ ವರ್ಷದಲ್ಲಿದ್ದೆ. ನಮ್ಮ ಮನೆ ಉಪ್ಪಾರಹಳ್ಳಿಯಲ್ಲಿ. ನಾನಿ ಗುಬ್ಬಿಯಲ್ಲಿ ನಮ್ಮ ಸೋದರಮಾವ ಮಾಮೂ ಜೊತೆ ಇದ್ದರು. ಮಾಮೂಗೆ ಕೊಬ್ಬರಿ ವ್ಯಾಪಾರ. ನಾನಿ ಗೋಡೆಗೆ ಒರಗಿ, ತೊಡೆಯ ಮೇಲೆ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಮಾಮೂ ಎಷ್ಟು ಬೇಡವೆಂದರೂ ಬಿಟ್ಟಿರಲಿಲ್ಲ. "ಕೈ ಸುಮ್ನಿದ್ರೆ ಬಾಯಿ ಸುಮ್ನಿರಲ್ಲ ಕಣೋ, ನಿನ್ನ ಹೆಂಡ್ತಿಗೇ ಕಷ್ಟ" ಎನ್ನುತ್ತಿದ್ದರು. ಆ ವರ್ಷ ಮಾಮೂ ಮತ್ತು ನಾನಿ ಹಜ್ ಯಾತ್ರೆಗೆ ಹೊರಡುವುದೆಂದಾಯಿತು. ಆಗ ಬಾಂಬೆಯಿಂದ ಹಡಗು. ಹಡಗು ಹತ್ತಬೇಕಾದರೆ ಒಂದು ಸಣ್ಣ ಆರೋಗ್ಯ ಪುಸ್ತಕ ಬೇಕು, ಅದರಲ್ಲಿ ಕಾಲರಾ ಸೂಜಿ ಎರಡು ಸಲ ಹಾಕಿಸಿಕೊಂಡಿದ್ದಕ್ಕೆ ಎರಡು ಮೊಹರು ಬೀಳಬೇಕು. ಮೊಹರಿಲ್ಲದಿದ್ದರೆ ಬಂದರಿನಿಂದಲೇ ವಾಪಸ್ಸು.

ನಮ್ಮ ಮನೆಮಾತು ಉರ್ದು. ಮನೆಯವರ ಮಾತನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಾನಿಗೆ ಸಂತೆಯ ಕನ್ನಡ ಚೆನ್ನಾಗಿ ಬರುತ್ತಿತ್ತು, ಸೊಪ್ಪಿನವಳ ಜೊತೆ ಜಗಳವಾಡುವಷ್ಟು. ಆಸ್ಪತ್ರೆಯ ಕನ್ನಡ ಎಂದರೆ ಮಾತ್ರ ಅಳುಕು. ಮಾಮೂ ತಮ್ಮ ಸೂಜಿಯನ್ನು ಅರಸೀಕೆರೆಗೆ ಸರಕು ಕೊಂಡುಹೋದಾಗ ಅಲ್ಲೇ ಹಾಕಿಸಿಕೊಂಡು ಬಂದಿದ್ದರು. ಹಾಗಾಗಿ ನಾನಿಯನ್ನು ಕರೆದುಕೊಂಡು ಹೋಗಲು ನನ್ನನ್ನೇ ಕರೆಸಿದರು. "ಸೈನ್ಸ್ ಓದೋಳು. ಅವಳಿಗೆ ಗೊತ್ತಿರತ್ತೆ" ಎಂದು ನಾನಿಯೇ ಹೇಳಿ ಕಳಿಸಿದ್ದರಂತೆ. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಬಸ್ಸಿನಲ್ಲಿ ಬ್ಯಾಕ್ಟೀರಿಯಾದ ಪಾಠವನ್ನು ಮತ್ತೊಮ್ಮೆ ಓದಿಕೊಂಡು ಹೋಗಿದ್ದೆ. ಇದು ನನಗೆ ನೆನಪಿಲ್ಲ, ಡೈರಿ ಹೇಳುತ್ತದೆ.

ಗುಬ್ಬಿ ಆಸ್ಪತ್ರೆಯ ಸೂಜಿ ಹಾಕುವ ಕೋಣೆಯಲ್ಲಿ ಸ್ಟೌವಿನ ಮೇಲೆ ಗಾಜಿನ ಸಿರಿಂಜುಗಳು ಕುದಿಯುತ್ತಿದ್ದವು. ನರ್ಸಮ್ಮ ನಡುವಯಸ್ಸಿನವರು, ಕೊರಳಲ್ಲಿ ಕರಿಮಣಿ, ಕೈಯಲ್ಲಿ ಗಡಿಯಾರ. ಇಷ್ಟು ನನ್ನ ಕಣ್ಣ ಮುಂದಿದೆ. ಅವರು ನನ್ನ ಕಡೆ ತಿರುಗಿ ಗಡಿಬಿಡಿಯಲ್ಲಿ ಹೇಳಿದ್ದನ್ನು ನಾನು ಅಂದೇ ಡೈರಿಯಲ್ಲಿ ಬರೆದಿದ್ದೇನೆ. ವಿದ್ಯಾರ್ಥಿನಿಯ ಅಕ್ಷರ, ನೋಟ್ಸ್ ತೆಗೆದುಕೊಂಡ ಹಾಗೆ:

"ಎಡಗೈ ಕೊಡೋಕೆ ಹೇಳಮ್ಮ ಅಜ್ಜಿಗೆ. ಕೆಲಸ ಮಾಡೋ ಕೈ ಬೇಡ, ಊದ್ಕೊಳ್ಳತ್ತೆ. ಎರಡು ದಿನ ಜ್ವರ ಬರತ್ತೆ, ಒಬ್ಬೊಬ್ಬರಿಗೆ ಜೋರಾಗೇ ಬರತ್ತೆ. ಹೆದರ್ಕೋಬೇಡಿ ಅನ್ನು."

ಅಂದರೆ ನರ್ಸಮ್ಮ ಎಲ್ಲವನ್ನೂ ಹೇಳಿದ್ದರು. ಕೈ ಊದುವುದು, ಜ್ವರ ಬರುವುದು, ಎಷ್ಟು ದಿನ ಎನ್ನುವುದು.

ನಾನು ನಾನಿಯ ಕಡೆ ತಿರುಗಿ ಉರ್ದುವಿನಲ್ಲಿ ಹೇಳಿದ್ದು ಇಷ್ಟೇ: "ಎಡಗೈ ಕೊಡಿ ಅಂತಾರೆ ನಾನಿ. ಏನೂ ಆಗಲ್ಲ."

ಯಾಕೆ ಹಾಗೆ ಹೇಳಿದೆ? ಅದನ್ನು ಡೈರಿಯಲ್ಲಿ ಬರೆದಿಲ್ಲ. ನಾನಿ ಆಗಲೇ ಬಾಗಿಲ ಕಡೆ ನೋಡುತ್ತಿದ್ದರು, ಜ್ವರದ ಮಾತೆತ್ತಿದರೆ ಎದ್ದು ಹೋಗಿಬಿಡುತ್ತಾರೆ ಎಂದುಕೊಂಡಿರಬಹುದು. ಅದು ಪ್ರೀತಿಯೇ ಇರಬಹುದು. ಓದಿದವಳಾದ ನನಗೆ, ಇವರಿಗೆ ಎಷ್ಟು ತಿಳಿದರೆ ಸಾಕು ಎನ್ನುವುದೂ ಗೊತ್ತು ಎಂಬ ಅಹಂಕಾರವೂ ಇದ್ದಿರಬಹುದು. ಯಾವುದು ಎಷ್ಟು ಪಾಲು ಎಂದು ಈಗ ಬೇರ್ಪಡಿಸಲಾರೆ.

ನಾನಿ ಎಡಗೈ ಕೊಡಲಿಲ್ಲ. "ಹಜ್‌ನ ಮೊದಲನೇ ಕೆಲಸಾನ ಎಡಗೈಲಿ ಶುರು ಮಾಡ್ಲಾ? ಹುಚ್ಚಾ ನಿಂಗೆ?" ಎಂದರು. ನಮ್ಮಲ್ಲಿ ಒಳ್ಳೆಯದೆಲ್ಲ ಬಲದಿಂದ. ಹೊಸ ಕುರ್ತಾದ ಬಲತೋಳು ಮೊದಲು, ಚಪ್ಪಲಿಯ ಬಲಗಾಲು ಮೊದಲು, ಹೊಸ್ತಿಲು ದಾಟಲು ಬಲಗಾಲು. ನಾನಿಯ ಪಾಲಿಗೆ ಆ ಸೂಜಿ ಕಾಲರಾಕ್ಕಲ್ಲ, ಅದು ಮಕ್ಕಾದ ದಾರಿಯ ಮೊದಲ ಹೆಜ್ಜೆ. ಬಿಸ್ಮಿಲ್ಲಾ ಎಂದು ಬಲತೋಳಿನ ರವಿಕೆ ಮೇಲೆತ್ತಿದರು. ನರ್ಸಮ್ಮ ನನ್ನನ್ನು ನೋಡಿದರು. "ಹೇಳ್ದೇನಮ್ಮ ಎಲ್ಲಾನೂ?" ಎಂದರು. "ಹೇಳ್ದೆ" ಎಂದೆ.

ಇದೂ ಡೈರಿಯಲ್ಲಿದೆ. ಒಂದೇ ಪದ, ಅಡಿಗೆರೆಯೂ ಇಲ್ಲ.

ಆ ಮಧ್ಯಾಹ್ನವೇ ನಾನು ತುಮಕೂರಿಗೆ ವಾಪಸ್ಸಾದೆ. ಮೂರನೇ ದಿನ ಮಾಮೂ ಯಾರದೋ ಕೈಲಿ ಹೇಳಿ ಕಳಿಸಿದರು, ನಾನಿಗೆ ಹುಷಾರಿಲ್ಲ, ಅಮ್ಮಿಯನ್ನು ಕಳಿಸಿ ಎಂದು. ಅಮ್ಮಿಯ ಜೊತೆ ನಾನೂ ಹೋದೆ. ಅಷ್ಟರಲ್ಲಿ ಅಮ್ಮಿಯ ತಂಗಿ, ನಮ್ಮ ಖಾಲಾ, ಕುಣಿಗಲ್‌ನಿಂದ ಗಂಡನೊಂದಿಗೆ ಬಂದು ನಾನಿಯ ಮಂಚದ ಪಕ್ಕ ಕೂತಿದ್ದಳು.

ಜ್ವರ ಆಗಲೇ ಇಳಿದಿತ್ತು. ಆದರೆ ಬಲತೋಳು ಮೊಣಕೈಯವರೆಗೂ ಕೆಂಪಗೆ ಊದಿತ್ತು. ಮಾಮೂನ ಹೆಂಡತಿ ಮಾಮಿ ಬಿಸಿ ತವುಡಿನ ಗಂಟು ಕಟ್ಟಿ ಶಾಖ ಕೊಟ್ಟು ಕೊಟ್ಟು ಅದನ್ನು ಇನ್ನಷ್ಟು ಕೆಂಪು ಮಾಡಿದ್ದರು. ಬೀಡಿಯ ಮೊರ ಮೂಲೆಯಲ್ಲಿ ಬೋರಲು ಬಿದ್ದಿತ್ತು. ಅದಕ್ಕಿಂತ ಹೆಚ್ಚಾಗಿ, ನಾನಿಗೆ ನಮಾಜಿನ ಶುರುವಿಗೆ ಎರಡೂ ಕೈ ಕಿವಿಯವರೆಗೆ ಎತ್ತಲು ಆಗುತ್ತಿರಲಿಲ್ಲ. ಎಡಗೈ ಮೇಲೇರುತ್ತಿತ್ತು, ಬಲಗೈ ಎದೆಯ ಹತ್ತಿರವೇ ನಿಲ್ಲುತ್ತಿತ್ತು. ಊಟಕ್ಕೆ ಎಡಗೈ ಬಳಸುವ ಹಾಗಿಲ್ಲ, ಮಾಮಿ ತುತ್ತು ಮಾಡಿ ತಿನ್ನಿಸುತ್ತಿದ್ದರು.

"ಕರೆ ಬಂದಿಲ್ಲ ಕಣೇ ನಂಗೆ" ಎಂದರು ನಾನಿ, ಅಮ್ಮಿಯ ಮುಖ ನೋಡಿದ ಕೂಡಲೇ. ಅಲ್ಲಾಹ ಕರೆದವರು ಮಾತ್ರ ಕಾಬಾದ ಬಾಗಿಲು ತಲುಪುತ್ತಾರೆ ಎಂಬುದು ನಮ್ಮವರ ನಂಬಿಕೆ. "ಹೋಗ್ಬೇಡ ಅಂತ ಕೈ ಹಿಡಿದು ನಿಲ್ಲಿಸಿದಾನೆ ನೋಡು. ಯಾರಿಗೂ ಏನೂ ಆಗಲ್ವಂತೆ. ನಂಗೊಬ್ಬಳಿಗೇ ಆಯ್ತು."

ಏನೂ ಆಗಲ್ವಂತೆ. ಅದು ನನ್ನ ಮಾತು. ನಾನು ಬಾಗಿಲ ಹತ್ತಿರ ನಿಂತಿದ್ದೆ.

"ನಮ್ಮ ಬೀದೀಲಿ ಒಬ್ಬರು ಇಂಥದೇ ಸೂಜಿ ತಗೊಂಡು ಮೂರೇ ದಿನಕ್ಕೆ ಹೋಗಿಬಿಟ್ರು" ಎಂದಳು ಖಾಲಾ.

ಖಾಲೂ, ಅಂದರೆ ಅವಳ ಗಂಡ, ಕುದುರೆಗಳಿಗೆ ಲಾಳ ಹೊಡೆಯುವವರು. ಅವರು ಬೀಡಿ ಎಲೆ ಮೂಸಿ ನೋಡುತ್ತಾ ಹೇಳಿದರು: "ಆತ ಆರು ತಿಂಗಳಿಂದ ಹಾಸಿಗೇಲಿದ್ದ. ಸೂಜಿಯಿಂದ ಸಾಯ್ಲಿಲ್ಲ, ದಿನಾ ನೀನು ಹೋಗಿ ಮಾತಾಡಿಸ್ತಿದ್ದೆ ನೋಡು, ಅದರಿಂದ."

"ನಿಮಗೆ ಎಲ್ಲಾ ತಮಾಷೆ."

"ತಮಾಷೆ ಅಲ್ಲ. ಅತ್ತೇ, ಕೇಳಿ ಇಲ್ಲಿ. ಕುದುರೆಗೆ ಸೂಜಿ ಹಾಕಿದ್ರೆ ಕುತ್ತಿಗೆ ತೆಂಗಿನಕಾಯಿ ಥರ ಊದ್ಕೊಳ್ಳತ್ತೆ. ಎರಡು ದಿನ ಹುಲ್ಲು ಮೂಸಲ್ಲ. ನಾವು ಓಡಿಸಲ್ಲ, ಲಾಳಕ್ಕೂ ಕಾಲು ಎತ್ತಿಸಲ್ಲ. ಮೂರನೇ ದಿನ ನನ್ನನ್ನ ಒದೆಯೋಕೆ ಬರತ್ತೆ. ಒದೀತು ಅಂದ್ರೆ ಸರಿಹೋಯ್ತು ಅಂತ."

"ನನ್ನನ್ನ ಕುದುರೆ ಅಂತೀರಾ?" ಎಂದರು ನಾನಿ.

"ಒದೆಯೋದರಲ್ಲಿ ಮಾತ್ರ."

ನಾನಿ ನಕ್ಕರು. ನಗುವಾಗ ತೋಳು ಅಲುಗಿ "ಹಾಯ್ ಅಲ್ಲಾ" ಎಂದರು. ಆದರೆ ನಿರ್ಧಾರ ಬದಲಾಗಲಿಲ್ಲ. ಎರಡನೇ ಸೂಜಿ ಹಾಕಿಸಿಕೊಳ್ಳಲಾರೆ. ಹಾಕಿಸಿಕೊಳ್ಳದಿದ್ದರೆ ಹಡಗಿಲ್ಲ. ಹಾಗಾದರೆ ಹೋಗುವುದು ಬೇಡ, ಮಾಮೂ ಒಬ್ಬರೇ ಹೋಗಿ ಬರಲಿ.

ಇದು ಎಷ್ಟು ದೊಡ್ಡ ಮಾತು ಎಂಬುದನ್ನು ಹೇಳಬೇಕು. ಹಜ್‌ಗೆ ಹೊರಡುವವರು ಎಲ್ಲರ ಮನೆಗೂ ಹೋಗಿ, ಗೊತ್ತಿದ್ದೋ ಇಲ್ಲದೆಯೋ ಮಾಡಿದ ತಪ್ಪಿಗೆ ಮಾಫಿ ಕೇಳಿ ಬರುತ್ತಾರೆ. ನಾನಿ ಆಗಲೇ ಅರ್ಧ ಗುಬ್ಬಿ ಸುತ್ತಿ ಬಂದಿದ್ದರು. ಬಾವಿಯ ನೀರಿನ ವಿಷಯಕ್ಕೆ ವರ್ಷಗಟ್ಟಲೆ ಮಾತು ಬಿಟ್ಟಿದ್ದ ಹಿಂದಿನ ಬೀದಿಯ ಹೆಂಗಸಿನ ಕೈ ಹಿಡಿದೂ ಅತ್ತು ಬಂದಿದ್ದರು. ಈಗ ಹೋಗುವುದಿಲ್ಲ ಎಂದರೆ ಆ ಬಾಗಿಲುಗಳ ಮುಂದೆ ಮತ್ತೆ ನಡೆದಾಡುವುದು ಹೇಗೆ?

ಮಾಮೂ ಒಂದು ದಾರಿ ಹುಡುಕಿಕೊಂಡು ಬಂದರು. ಸೂಜಿ ಚುಚ್ಚದೆಯೇ ಪುಸ್ತಕಕ್ಕೆ ಮೊಹರು ಹಾಕಿಸಿಕೊಡುವವರು ಒಬ್ಬರಿದ್ದಾರಂತೆ. ಅಂಥವರು ನಿಜವಾಗಿ ಇದ್ದರೋ, ಸಂತೆಯ ಮಾತೋ, ಗೊತ್ತಿಲ್ಲ. ನಾನಿ ಎದ್ದು ಕೂತರು.

"ಮೊಹರು ಸುಳ್ಳು ಅಂತ ಹಡಗಿನವನಿಗೆ ಗೊತ್ತಾಗಲ್ಲ, ಸರಿ. ಕಾಬಾದ ಮುಂದೆ ನಿಂತಾಗ? ಅಲ್ಲೂ ಆ ಪುಸ್ತಕ ತೋರಿಸ್ತೀಯೇನೋ ಮುಂಡೇದೇ?"

ಮಾಮೂ ತಲೆ ತಗ್ಗಿಸಿ ಅಂಗಡಿಗೆ ಹೋದರು. ಅಮ್ಮಿ, ಖಾಲಾ ಅಡಿಗೆಮನೆಗೆ ಹೋದರು. ನಾನು ನಾನಿಯ ಹತ್ತಿರ ಉಳಿದೆ.

ಇಲ್ಲಿಂದ ಮುಂದಿನದು ನನ್ನ ನೆನಪು ಹೇಳುವುದು. ಡೈರಿ ಹೇಳುವುದಲ್ಲ.

ನಾನು ಮಂಚದ ಪಕ್ಕ ನೆಲದ ಮೇಲೆ ಕೂತು ಹೇಳಿದೆ: "ನಾನಿ, ಜ್ವರ ಬರತ್ತೆ ಅಂತ ನರ್ಸಮ್ಮ ಮೊದಲೇ ಹೇಳಿದ್ರು. ಕೈ ಊದತ್ತೆ, ಅದಕ್ಕೇ ಎಡಗೈ ಕೊಡಿ ಅಂತಾನೂ ಹೇಳಿದ್ರು. ನಾನು ನಿಮಗೆ ಹೇಳಲಿಲ್ಲ."

ಅವರು ಊದಿದ ತೋಳನ್ನು ಎಡಗೈಯಲ್ಲಿ ಮುಟ್ಟಿ ನೋಡಿಕೊಂಡರು.

"ಎಲ್ಲರಿಗೂ ಬರತ್ತಾ?"

"ತುಂಬಾ ಜನಕ್ಕೆ ಬರತ್ತೆ. ಎರಡು ದಿನ ಇದ್ದು ಹೋಗತ್ತೆ."

"ಹಂಗಾದ್ರೆ ಇದು ಅಲ್ಲಾಹನ ಕೋಪ ಅಲ್ಲ."

"ಅಲ್ಲ."

"ನಿನ್ನ ಕೋತಿತನ."

"ಹೌದು. ಮಾಫ್ ಮಾಡಿ ನಾನಿ."

"ಮಾಫಿ ಕೇಳ್ಬೇಕಾದೋಳು ನಾನು, ಹಜ್‌ಗೆ ಹೋಗೋಳು. ನೀನೆಲ್ಲಿಗೆ ಹೊರಟೆ?"

ಹೀಗೆ ನೆನಪಿದೆ. ಎಷ್ಟು ಚೆನ್ನಾಗಿ ನೆನಪಿದೆಯೆಂದರೆ, ಅದೇ ಈಗ ಅನುಮಾನಕ್ಕೆ ಕಾರಣ. ಇಷ್ಟು ಚೆಂದದ ಮಾತುಗಳು ನೆನಪಿರುವವಳು, ಕಾಲೇಜಿನಲ್ಲಿ ಇಷ್ಟು ವರ್ಷ ತಪ್ಪನ್ನು ನರ್ಸಮ್ಮನ ಮೇಲೆ ಹೇಗೆ ಹೊರಿಸಿದೆ? ನಾನಿಗೆ ತಪ್ಪೊಪ್ಪಿಕೊಂಡಿದ್ದು ನಿಜವಾದರೆ, ಮಕ್ಕಳ ಮುಂದೆ ಬೇರೆ ಕಥೆ ಯಾಕೆ ಕಟ್ಟಿದೆ? ಡೈರಿಯಲ್ಲಿ ಆ ದಿನದ ಹಾಳೆಯಲ್ಲಿರುವುದು ಇಷ್ಟೇ: 'ನಾನಿ ಹುಷಾರು. ಖಾಲೂ ಕುದುರೆ ಕಥೆ ಹೇಳಿದರು, ಎಲ್ಲರೂ ನಕ್ಕೆವು. ಸಂಜೆ ಬಸ್ಸಿಗೆ ವಾಪಸ್.' ಮಾಫಿಯ ಮಾತೇ ಇಲ್ಲ. ಬರೆಯಲು ನಾಚಿಕೆಯಾಗಿ ಬಿಟ್ಟೆನೋ, ನಡೆಯದೇ ಇದ್ದುದರಿಂದ ಬರೆಯಲಿಲ್ಲವೋ? ನಾನಿಗೆ ಧೈರ್ಯ ಬಂದಿದ್ದು ಕುದುರೆಯಿಂದಲೇ ಇರಬಹುದು. ನಾನು ಹೇಳಬೇಕಾಗಿದ್ದ ಮಾತನ್ನು ವರ್ಷಗಳು ಕಳೆದಂತೆ ಹೇಳಿಯೇಬಿಟ್ಟೆ ಎಂದು ನಂಬಿಕೊಂಡಿರಬಹುದು.

ಆದರೆ ಅದರ ಮುಂದಿನ ವಾರದ ಹಾಳೆ ಇದೆ. ಅದು ಉದ್ದವಾಗಿದೆ.

ನಾನಿ ನನ್ನನ್ನು ಮತ್ತೆ ಕರೆಸಿದರು. ಈ ಸಲ ದಾರಿಯುದ್ದಕ್ಕೂ ಪ್ರಶ್ನೆಗಳನ್ನು ಒಂದೊಂದಾಗಿ ನನಗೆ ಒಪ್ಪಿಸಿದರು. ಮಾರುಕಟ್ಟೆಗೆ ಕಳಿಸುವವರು ಸಾಮಾನಿನ ಪಟ್ಟಿ ಬಾಯಿಪಾಠ ಮಾಡಿಸುತ್ತಾರಲ್ಲ, ಹಾಗೆ. ಕೋಣೆಯೊಳಗೆ ಹೋದ ಮೇಲೆ ನನ್ನ ಸೆರಗು ಹಿಡಿದು, "ನಾನು ಕೇಳಿದ್ದು ಕೇಳು. ಅವರು ಹೇಳಿದ್ದು ಹೇಳು. ನಿಂದೇನೂ ಸೇರಿಸಬೇಡ, ನಿಂದೇನೂ ತೆಗೀಬೇಡ" ಎಂದರು.

ನರ್ಸಮ್ಮ ಊತ ಇಳಿದ ತೋಳನ್ನು ಒತ್ತಿ ನೋಡಿ, "ಶಾಖ ಕೊಟ್ರಾ? ಕೊಡಬಾರ್ದು. ತಣ್ಣೀರು ಬಟ್ಟೆ ಹಾಕಿ" ಎಂದರು. ಹೇಳಿದೆ. ಈ ಸಲವೂ ಜ್ವರ ಬರತ್ತಾ? ಬರಬಹುದು, ಹೋದ ಸಲದಷ್ಟೇ ಅಂತ ಹೇಳೋಕಾಗಲ್ಲ, ಜಾಸ್ತೀನೂ ಆಗಬಹುದು, ಕಡಿಮೇನೂ ಆಗಬಹುದು. ಹೇಳಿದೆ. ಜಾಸ್ತಿ ಎಂಬುದನ್ನೂ ಬಿಡಲಿಲ್ಲ. ನಾನಿ ತಲೆಯಾಡಿಸಿದರು.

"ಸಾಯ್ತಾರಾ ಕೇಳು."

"ನಾನಿ..."

"ಕೇಳೇ."

ಕೇಳಿದೆ. ನರ್ಸಮ್ಮ ಸಿರಿಂಜನ್ನು ಟ್ರೇಯಲ್ಲಿಟ್ಟರು. ನೇರ ನಾನಿಯನ್ನು ನೋಡಿ, ನಿಧಾನವಾಗಿ, ಬಿಡಿಬಿಡಿಯಾಗಿ ಹೇಳಿದರು. "ನನ್ನ ಕೈಲಿ ಹಾಕಿಸ್ಕೊಂಡೋರು ಯಾರೂ ಸತ್ತಿಲ್ಲ ಅಜ್ಜಿ. ಆಗೋದೇ ಇಲ್ಲ ಅಂತ ಆಣೆ ಮಾಡಲ್ಲ. ಸಾವಿರದಲ್ಲಿ ಹುಡುಕಿದ್ರೂ ಸಿಗಲ್ಲ, ಆದರೂ ಆಗಬಹುದು. ಅದಕ್ಕೇ ಆ ಬೆಂಚಿನ ಮೇಲೆ ಅರ್ಧ ಗಂಟೆ ಕೂರಿಸ್ತೀನಿ, ಔಷಧಿ ಪಕ್ಕದಲ್ಲೇ ಇಟ್ಕೊಂಡಿರ್ತೀನಿ. ಹಡಗಲ್ಲಿ ಕಾಲರಾ ಬಂದ್ರೆ ಬೆಂಚೂ ಇರಲ್ಲ, ನಾನೂ ಇರಲ್ಲ. ಇನ್ನೊಂದು ಮಾತು. ಸೂಜಿ ಹಾಕಿಸ್ಕೊಂಡೆ ಅಂತ ಸಿಕ್ಕಿದ ನೀರು ಕುಡೀಬೇಡಿ, ಕಾಯಿಸಿ ಕುಡೀರಿ. ಇದು ಪೂರ್ತಿ ಕಾಪಾಡಲ್ಲ."

ನಾನು ಒಂದಕ್ಷರ ಬಿಡದೆ ಉರ್ದುವಿನಲ್ಲಿ ಹೇಳಿದೆ. ಆ ಹಳೆಯ ಕಾಲರಾ ಸೂಜಿ ಕಾಪಾಡುತ್ತಿದ್ದದ್ದು ಕಡಿಮೆ, ಅದೂ ಕೆಲವೇ ತಿಂಗಳು ಎಂದು ನಾನು ಪುಸ್ತಕಗಳಲ್ಲಿ ಓದಿದ್ದು ಎಷ್ಟೋ ಕಾಲದ ಮೇಲೆ. ಮುಂದೆ ಅದನ್ನು ಕೈಬಿಟ್ಟು ಬೇರೆ ಲಸಿಕೆ ತಂದರು. ಗುಬ್ಬಿಯ ಆ ನರ್ಸಮ್ಮನಿಗೆ ಅದು ತನ್ನ ರೀತಿಯಲ್ಲಿ ಅಂದೇ ಗೊತ್ತಿತ್ತು. ಮರೆಮಾಚಲೂ ಇಲ್ಲ.

ನಾನಿ ಸ್ಟೌವಿನ ಮೇಲಿನ ಕುದಿಯುವ ನೀರನ್ನು ನೋಡುತ್ತಿದ್ದರು. 'ಹಾಕಿಸಿಕೊಳ್ಳಿ' ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು, ಅದು ನನ್ನದು, ಸೇರಿಸಲಿಲ್ಲ.

ಆಮೇಲೆ ಅವರು ಎಡತೋಳನ್ನು ಮುಂದೆ ಚಾಚಿದರು.

ಡೈರಿಯಲ್ಲಿ ಒಂದು ಸಾಲಿನಲ್ಲಿ ಈ ಪದವೊಂದೇ ಇದೆ: 'ಎಡಗೈ.' ನನಗಿರುವ ಸಾಕ್ಷಿ ಅದೊಂದೇ. ಎಡಗೈ ಯಾಕೆಂಬ ಕಾರಣವನ್ನು ಯಾರಾದರೂ ನಾನಿಗೆ ಹೇಳಿರದಿದ್ದರೆ ಅವರು ಆ ಕೈ ಕೊಡುತ್ತಿರಲಿಲ್ಲ. ಆ ಕಾರಣ ಗೊತ್ತಿದ್ದವಳು ಆ ಮನೆಯಲ್ಲಿ ನಾನೊಬ್ಬಳೇ. ಹಾಗಾಗಿ ನಾನು ಹೇಳಿರಬೇಕು. ಒಂದು ವಾರ ಬಲಗೈ ಎತ್ತಲಾಗದೆ ನರಳಿದ ಮೇಲೆ ಯಾರೂ ಹೇಳದೆಯೇ ಎಡಗೈ ಕೊಡುತ್ತಿದ್ದರೇನೋ, ಎಂದೂ ಒಂದು ಯೋಚನೆ ಬರುತ್ತದೆ. ಬಂದಾಗ ಡೈರಿ ಮುಚ್ಚಿಡುತ್ತೇನೆ.

ಅರ್ಧ ಗಂಟೆ ಬೆಂಚಿನ ಮೇಲೆ ಕೂತೆವು. ನಾನಿ ಬಲಗೈಯಲ್ಲಿ ತಸ್ಬಿಯ ಜಪಮಣಿ ಎಣಿಸುತ್ತಿದ್ದರು, ಬೆರಳುಗಳು ಸಲೀಸಾಗಿ ಓಡುತ್ತಿದ್ದವು. "ಉಸಿರು ಸರಿಯಾಗಿದೆಯಾ?" ಎಂದು ನಾನು ಮೂರು ಸಲ ಕೇಳಿದೆ. ನಾಲ್ಕನೇ ಸಲಕ್ಕೆ, "ನೀನು ಉಸಿರಾಡೋಕೆ ಬಿಟ್ರೆ ಸರಿಯಾಗೇ ಬರತ್ತೆ" ಎಂದರು. ಅವತ್ತು ಸಂಜೆ ಜ್ವರ ಬಂತು, ಮಾರನೇ ದಿನ ಹೋಯಿತು. ಜ್ವರ ಬಂದಾಗ ಮಾಮಿಗೆ ಕೂಗಿ ಹೇಳಿದರಂತೆ, "ಬಂತು ನೋಡೇ, ಹೇಳಿದ ಹೊತ್ತಿಗೇ ಬಂತು" ಎಂದು, ನೆಂಟರು ಬಂದಷ್ಟು ಖುಷಿಯಲ್ಲಿ.

ಹಡಗು ಹತ್ತಿದರು. ಹೋಗಿ ಬಂದರು. ತಿಂಗಳುಗಳ ನಂತರ ನಾನು ಗುಬ್ಬಿಗೆ ಹೋದಾಗ ಮಾಮಿ ಒಂದು ವಿಷಯ ಹೇಳಿದರು. ಬಂದ ಮೂರನೇ ದಿನವೇ ನಾನಿ ಖರ್ಜೂರದ ಪೊಟ್ಟಣ ಹಿಡಿದು ಆ ನರ್ಸಮ್ಮನ ಹತ್ತಿರ ಹೋಗಿದ್ದರಂತೆ. ಒಬ್ಬರೇ ಹೋಗಿ, ಅವರ ಜೊತೆ ಬೆಂಚಿನ ಮೇಲೆ ಕೂತು, ಸಂತೆಯ ಕನ್ನಡದಲ್ಲೇ ಬಹಳ ಹೊತ್ತು ಮಾತಾಡಿ ಬಂದರಂತೆ.

"ನನ್ನನ್ನ ಕರೀಬಾರ್ದಿತ್ತಾ ನಾನಿ?" ಎಂದೆ. "ನಾನು ಬಂದು ಹೇಳ್ತಿದ್ದೆ."

ನಾನಿ ಮೊರವನ್ನು ತೊಡೆಯ ಮೇಲೆ ಸರಿಮಾಡಿಕೊಂಡರು. ಎಲೆಯೊಳಗೆ ತಂಬಾಕು ಹರಡಿ, ಸುತ್ತಿ, ದಾರ ಕಟ್ಟಿದರು.

"ಖರ್ಜೂರ ಕೊಡೋಕೆ ನೀನ್ಯಾಕೇ ಮಧ್ಯದಲ್ಲಿ?" ಎಂದು ಇನ್ನೊಂದು ಎಲೆ ತೆಗೆದುಕೊಂಡರು.